ಒಂದು ಸಹಿ ತಾನೆ?

ಅಂಬತ್ತೂರಿನಲ್ಲಿ ನೆಲೆಸಿದ ನಮಗೆ ಶ್ರೀಪೆರುಂಬುದೂರು ದೂರದ ಊರೇನಲ್ಲ. ಊರಿನಿಂದ ನೆಂಟರು ಬಂದರೆ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ವಾಡಿಕೆ. ರಾಮಾನುಜಾಚಾರ್ಯರು ಹುಟ್ಟಿದ ಊರು ಎಂಬ ಭಕ್ತಿ ಒಂದು ಕಡೆ. ಅವರು ಬಾಳಿನ ಕೆಲವು ವರ್ಷಗಳನ್ನು ನಮ್ಮ ತೊಣ್ಣೂರು, ಮೇಲುಕೋಟೆಗಳಲ್ಲಿ ಕಳೆದರೆಂಬ ಅಭಿಮಾನ ಇನ್ನೊಂದು ಕಡೆ. ಈಚೆಗೆ ಹಾಗೆ ಹೋಗಿ ಬರುವಾಗ ಬಸ್ಸಿನಲ್ಲಿ ಮೊಮ್ಮಗಳಿಗೆ ಕೂರೇಶರ ಕಥೆ ಹೇಳಿದೆ.

ಕಥೆ ಅನೇಕ ವಾಚಕರಿಗೆ ಗೊತ್ತಿದ್ದದ್ದೇ. ಶಿವನಿಗಿಂತ ಮಿಗಿಲಾದ ದೈವವಿಲ್ಲವೆಂದು ಬರೆದ ಓಲೆಗೆ ರಾಮಾನುಜರು ಸಹಿ ಹಾಕಬೇಕೆಂದು ಚೋಳರಾಜ ಕರೆ ಕಳುಹಿಸಿದ. ಗುರುಗಳ ಕಾವಿಯನ್ನು ತಾವುಟ್ಟುಕೊಂಡು ಶಿಷ್ಯ ಕೂರೇಶರು ಆಸ್ಥಾನಕ್ಕೆ ಹೋದರು. ಗುರುಗಳು ಬಿಳಿಯ ಬಟ್ಟೆಯುಟ್ಟು ಹೊಯ್ಸಳ ನಾಡಿನ ದಾರಿ ಹಿಡಿದರು. ಸಹಿಗೆ ಒಪ್ಪದ ಕೂರೇಶರು ಕಣ್ಣು ಕಳೆದುಕೊಂಡರು. ಇದು ಗುರುಪರಂಪರೆ ಹೇಳುವ ಕಥೆ. ಆ ಚೋಳ ಯಾರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಎಲ್ಲವನ್ನೂ ಕೇಳಿದ ಮೊಮ್ಮಗಳು, "ಒಂದು ಸಹಿ ತಾನೆ ತಾತ? ಹಾಕಿ ಬಂದುಬಿಟ್ಟಿದ್ದರೆ ಕಣ್ಣಾದರೂ ಉಳಿಯುತ್ತಿತ್ತು. ಮನಸ್ಸಿನೊಳಗೆ ಏನಿದೆ ಅಂತ ರಾಜನಿಗೆ ಹೇಗೆ ಗೊತ್ತಾಗುತ್ತಿತ್ತು?" ಎಂದಳು. ಆಗ ನಾನು ಸುಮ್ಮನಾದೆ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಸುಮ್ಮನಾದದ್ದಕ್ಕೆ ಕಾರಣವಿತ್ತು. ನಾನೂ ಒಮ್ಮೆ ಅಂಥ ಸಹಿ ಹಾಕಿದವನೇ. ಬಹಳ ವರ್ಷಗಳ ಹಿಂದೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಮುಷ್ಕರ ಮುರಿದುಬಿದ್ದಾಗ, 'ತಪ್ಪು ನಮ್ಮದೇ' ಎಂಬ ಟೈಪು ಮಾಡಿದ ಕಾಗದಕ್ಕೆ ಸಹಿ ಹಾಕಿದವರಿಗೆ ಮಾತ್ರ ಗೇಟಿನೊಳಗೆ ಪ್ರವೇಶ ಎಂದರು. ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ನಾನು ಸಹಿ ಹಾಕಿದೆ. ಪಕ್ಕದ ಲೇತಿನ ಗೆಳೆಯ ಹಾಕಲಿಲ್ಲ; ಅವನು ಮತ್ತೆ ಒಳಗೆ ಬರಲಿಲ್ಲ. ಆ ಕಾಗದದಲ್ಲಿದ್ದುದನ್ನು ನಾನು ಒಂದು ದಿನವೂ ನಂಬಿದವನಲ್ಲ. ಆದರೆ ಖಾಲಿಯಾದ ಅವನ ಜಾಗವನ್ನು ದಿನವೂ ನೋಡಿಕೊಂಡು ಕೆಲಸ ಮಾಡಿದೆ. ಹೊಟ್ಟೆಪಾಡಿನ ಒಂದು ಕಾಗದವೇ ಹೀಗಾದರೆ, ದೇವರ ವಿಷಯದ ಕಾಗದ ಇನ್ನೆಷ್ಟು ಭಾರವಿದ್ದೀತು!

ಸಹಿ ಕ್ಷುಲ್ಲಕವಾಗಿದ್ದರೆ ಅಧಿಕಾರದಲ್ಲಿರುವವರು ಅದಕ್ಕಾಗಿ ಅಷ್ಟು ಹಟ ಹಿಡಿಯುತ್ತಿರಲಿಲ್ಲ. ಹಿಟ್ಲರನ ಜರ್ಮನಿಯಲ್ಲಿ 'ಯೆಹೋವನ ಸಾಕ್ಷಿಗಳು' ಎಂಬ ಸಣ್ಣ ಕ್ರೈಸ್ತ ಪಂಥದವರು ನಾಯಕನಿಗೆ ಕೈಯೆತ್ತಿ ವಂದಿಸಲಿಲ್ಲ, ಸೈನ್ಯಕ್ಕೂ ಸೇರಲಿಲ್ಲ. ಸಾವಿರಾರು ಮಂದಿಯನ್ನು ಸೆರೆಮನೆಗಳಿಗೂ ಯಾತನಾ ಶಿಬಿರಗಳಿಗೂ ತಳ್ಳಿದರು. ಶಿಬಿರಗಳಲ್ಲಿ ಅವರ ಅಂಗಿಗೆ ನೇರಳೆ ಬಣ್ಣದ ತ್ರಿಕೋನ ಹೊಲಿದಿರುತ್ತಿತ್ತು. ನಂಬಿಕೆಯನ್ನು ತ್ಯಜಿಸಿದ್ದೇನೆಂಬ ಅಚ್ಚಾದ ಹೇಳಿಕೆಯೊಂದನ್ನು ಅವರ ಮುಂದಿಡುತ್ತಿದ್ದರು. ಸಹಿ ಹಾಕಿದವನಿಗೆ ಬಿಡುಗಡೆಯ ಆಸೆ ತೋರಿಸುತ್ತಿದ್ದರು. ಹಾಕಿದವರು ಕೆಲವರೇ. ಕಳ್ಳನಿಗೆ 'ನಾನು ಕಳ್ಳನಲ್ಲ' ಎಂದು ಬರೆದುಕೊಟ್ಟರೆ ಬಿಡುಗಡೆಯಿಲ್ಲ. ಮಾಡಿದ ಕೆಲಸಕ್ಕೆ ಶಿಕ್ಷೆಯಾದಾಗ ಮಾತಿನಿಂದ ಅದು ಅಳಿಯುವುದಿಲ್ಲ. ಒಂದು ಮಾತಿನಿಂದ ಬಾಗಿಲು ತೆರೆಯುವುದಾದರೆ, ಆ ಮನುಷ್ಯ ಒಳಗಿರುವುದು ಆ ಮಾತಿಗಾಗಿಯೇ ಎಂದಾಯಿತು.

ಆದರೆ ಯಾವ ಸರಕಾರವೂ 'ನಿನ್ನ ನಂಬಿಕೆಗಾಗಿ ನಿನ್ನನ್ನು ಹಿಡಿದಿದ್ದೇವೆ' ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ದ್ರೋಹಿ, ಗೂಢಚಾರ, ಶತ್ರುವಿನ ಕಡೆಯವನು ಎನ್ನುತ್ತದೆ. ಇರಾನಿನಲ್ಲಿ 2008ರಲ್ಲಿ ಬಂಧಿತರಾದ ಏಳು ಮಂದಿ ಬಹಾಯಿ ಮುಂದಾಳುಗಳ ಮೇಲೆ ಹೊರಿಸಿದ್ದು ಗೂಢಚರ್ಯೆಯ ಆರೋಪ. ಅವರು ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದರು. ದೆಹಲಿಯ ಕಮಲದಾಕಾರದ ಮಂದಿರವನ್ನು ಕಟ್ಟಿದ್ದು ಆ ಧರ್ಮದವರೇ.

ಇರಾನು, ಜರ್ಮನಿಗಳ ಮಾತು ಬಿಡಿ, ನಮ್ಮ ಕನ್ನಡ ನಾಡಿನಲ್ಲೇ ನಡೆದದ್ದನ್ನು ನೋಡೋಣ. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕ್ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಎಷ್ಟು ಜನ ಎಂಬುದಕ್ಕೆ 30,000ದಿಂದ 80,000ದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತದಿಂದ ಮತ ಬದಲಾಯಿಸಿಕೊಂಡವರು ಬಹಳ. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ, ಪಟ್ಟಣ ಬಿದ್ದ ಮೇಲೆ. ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ನೆರವಾದರೆಂಬುದು ಸುಲ್ತಾನನ ದೂರು. ಕೆಲವರು ನೆರವಾಗಿರಲೂಬಹುದು. ಆದರೆ ತೊಟ್ಟಿಲ ಕೂಸು ಯಾರಿಗೆ ನೆರವಾಗಿತ್ತು? ತಪ್ಪು ಮಾಡಿದವನನ್ನು ಹುಡುಕದೆ, ಮತವನ್ನೇ ಗುರುತಾಗಿಟ್ಟುಕೊಂಡು ಮನೆಮನೆಯವರನ್ನೂ ಹಿಡಿದಾಗ, ರಾಜಕೀಯದ ಕಾರಣ ಏನೇ ಇರಲಿ, ಅದು ನಂಬಿಕೆಯ ಸೆರೆಯೇ.

ಈ ವಿಷಯ ಎತ್ತಿದರೆ ನಮ್ಮಲ್ಲಿ ಎರಡು ಪಕ್ಷವಾಗುತ್ತದೆ. ಒಬ್ಬರು ಟಿಪ್ಪು ಶೃಂಗೇರಿ ಮಠಕ್ಕೆ ಬರೆದ ಪತ್ರಗಳನ್ನು ಮುಂದಿಡುತ್ತಾರೆ. ಆ ಪತ್ರಗಳು ನಿಜ. 1791ರಲ್ಲಿ ಮರಾಠಾ ಸೈನ್ಯದವರು ಮಠವನ್ನು ಸೂರೆ ಮಾಡಿದಾಗ ಅವನು ನೆರವು ಕೊಟ್ಟದ್ದೂ ನಿಜ. ಆದರೆ ಒಂದು ಮನೆಗೆ ಮಾಡಿದ ಉಪಕಾರದಿಂದ ಇನ್ನೊಂದು ಮನೆಗೆ ಮಾಡಿದ ಅನ್ಯಾಯ ವಜಾ ಆಗುತ್ತದೆಯೇ? ಇನ್ನೊಬ್ಬರು ಆ ಸೆರೆಯ ಕಥೆಯನ್ನು ಇಂದಿನ ಮುಸಲ್ಮಾನ ನೆರೆಯವನ ಮೇಲೆ ಎಸೆಯುವ ಕಲ್ಲಾಗಿ ಮಾಡಿಕೊಳ್ಳುತ್ತಾರೆ. ಇವರಿಬ್ಬರ ಜಗಳದಲ್ಲಿ ಘಟ್ಟ ಹತ್ತಿದ ಆ ಜನರನ್ನು ನೆನೆಯುವವರೇ ಇಲ್ಲ.

ಇಂಥ ಪಾಪ ಒಂದೇ ಮತದ ಪಾಲಿಗೆ ಬಂದದ್ದೂ ಅಲ್ಲ. 1560ರಿಂದ, ನಡುವೆ ನಾಲ್ಕು ವರ್ಷ ಬಿಟ್ಟು, 1812ರವರೆಗೆ ಗೋವೆಯಲ್ಲಿ ಪೋರ್ಚುಗೀಸರ ಮತವಿಚಾರಣೆಯ ನ್ಯಾಯಾಲಯವಿತ್ತು. ಕ್ರೈಸ್ತರಾದ ಮೇಲೂ ಹಳೆಯ ಆಚಾರ ಬಿಡದವರನ್ನು ಅದು ಸೆರೆಗೆ ಹಾಕುತ್ತಿತ್ತು. ಪೋರ್ಚುಗೀಸರ ಕಾಟ ತಾಳದೆ ಗೋವೆ ಬಿಟ್ಟು ಕೆನರಾಕ್ಕೆ ಬಂದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಸೆರೆಗೆ ಹಾಕಿದವರ ಮತ, ಸೆರೆ ಕಂಡವರ ಮತ ಒಂದೇ ಆಗಿರಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

1784ರ ಆ ದುಃಖದಲ್ಲೇ ಇನ್ನೊಂದು ಸಂಗತಿಯನ್ನು ಮಂಗಳೂರಿನ ಕ್ರೈಸ್ತರ ಚರಿತ್ರೆಯಲ್ಲಿ ಹೇಳುತ್ತಾರೆ. ಚರ್ಚುಗಳನ್ನೆಲ್ಲ ಕೆಡವುತ್ತಿದ್ದಾಗ ಮೂಡಬಿದಿರೆಯ ಬಳಿಯ ಒಂದು ಚರ್ಚು ಮಾತ್ರ ಉಳಿಯಿತಂತೆ. ಅದಕ್ಕಾಗಿ ನಡುವೆ ಬಂದು ಮಾತಾಡಿದವನು ಜೈನನಾದ ಚೌಟ ಅರಸ. ಶಿಲುಬೆಯಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ನೆರೆಯವರಿಗೆ ಇದೆ ಎಂಬುದಷ್ಟೇ ಅವನಿಗೆ ಸಾಕಾಯಿತು.

ನಮ್ಮ ಕಾಲದಲ್ಲಿ ಅದೇ ಕೆಲಸವನ್ನು ನ್ಯಾಯಾಲಯ ಮಾಡಿದ್ದುಂಟು. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಗೆ ಹಾಕಿದರು. ಮೇಲೆ ಹೇಳಿದ ಯೆಹೋವನ ಸಾಕ್ಷಿಗಳ ಪಂಥದವರೇ ಅವರು. ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಬರಹದಲ್ಲಿ, ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ನನಗೆ ಅವರ ನಂಬಿಕೆ ವಿಚಿತ್ರವಾಗಿಯೇ ಕಾಣುತ್ತದೆ. ಗೀತೆ ಹಾಡುವಾಗ ನನ್ನ ಕಣ್ಣು ಇಂದಿಗೂ ತೇವವಾಗುತ್ತದೆ. ಆದರೆ ಹಾಡಿಸಿಯೇ ತೀರುತ್ತೇನೆಂದರೆ ಮಗುವಿನ ದನಿ ಸಿಗಬಹುದು, ಅದರ ಭಕ್ತಿ ಸಿಗುವುದಿಲ್ಲ. ನಮಗೆ ಮೆಚ್ಚಿಗೆಯಾದ ನಂಬಿಕೆಯ ಪರವಾಗಿ ನಿಲ್ಲುವುದು ಸುಲಭ. ವಿಚಿತ್ರವಾಗಿ ಕಂಡದ್ದರ ಪರವಾಗಿ ನಿಲ್ಲುವೆವೋ ಇಲ್ಲವೋ ಎಂಬುದೇ ಪರೀಕ್ಷೆ. ಈ ಊರಿನಲ್ಲಿ ನುಡಿಯಿಂದ ಅಲ್ಪಸಂಖ್ಯಾತರಾಗಿರುವ ನಮಗೆ ಇದು ತಿಳಿಯದ ಮಾತಲ್ಲ.

ಮೊಮ್ಮಗಳಿಗೆ ನಾನು ಹೇಳಬೇಕಾದದ್ದು ಇಷ್ಟು: ಮಗು, ಪ್ರಾಣಭಯದಿಂದ ಸಹಿ ಹಾಕಿದವರನ್ನು ನಾವು ಹೀನೈಸಬಾರದು. ಊರು ಬಿಟ್ಟು ಬಂದ ಗುರುವನ್ನೂ, ಊರಲ್ಲೇ ನಿಂತು ಕಣ್ಣು ಕಳೆದುಕೊಂಡ ಶಿಷ್ಯನನ್ನೂ ನಮ್ಮ ಹಿರಿಯರು ಸಮನಾಗಿ ಪೂಜಿಸಿದ್ದಾರೆ. 'ಒಂದು ಸಹಿ ತಾನೆ' ಎಂಬ ನಿನ್ನ ಪ್ರಶ್ನೆ ಒಳ್ಳೆಯದೇ. ಅದನ್ನು ಕೂರೇಶರನ್ನು ಕೇಳಬೇಡ, ಓಲೆ ಮುಂದಿಟ್ಟ ರಾಜನನ್ನು ಕೇಳು: ಒಂದು ಸಹಿ ತಾನೆ, ಅದಿಲ್ಲದೆ ನಿನಗೇಕೆ ನಿದ್ದೆ ಬರುವುದಿಲ್ಲ?

ಮುಂದಿನ ಭಾನುವಾರ ಅವಳು ಮನೆಗೆ ಬರುತ್ತಾಳೆ. ಕಾರ್ಖಾನೆಯ ಆ ಕಾಗದದ ವಿಷಯವನ್ನೂ ಅಂದೇ ಹೇಳಬೇಕೆಂದಿದ್ದೇನೆ.