ಪರದೇಶದ ಮಗನ ಮನೆಯಲ್ಲಿ ಏಕಾದಶಿ

ಬೆಳಗಾವಿ ನಗರದ ಹಾಗೂ ಖಾನಾಪುರದ ನಮ್ಮ ಸಮಾಜದ ಹಿರಿಯರು ಅಮೆರಿಕೆಯಲ್ಲಿ ಉದ್ಯೋಗದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವುದು ಈಗ ಅಪರೂಪದ ಸಂಗತಿಯಲ್ಲ. ಹೊರಡುವ ಮುನ್ನ ದೇವರ ದರ್ಶನಕ್ಕೆ ಬಂದವರು ನಮ್ಮನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಆಚಾರ್ಯರೇ, ಅಲ್ಲಿ ಏಕಾದಶಿಯನ್ನು ಯಾವ ದಿನ ಮಾಡಬೇಕು?" ಮೇಲುನೋಟಕ್ಕೆ ಇದು ಪಂಚಾಂಗದ ಪ್ರಶ್ನೆ. ಒಳಹೊಕ್ಕು ವಿಚಾರಿಸಿದಲ್ಲಿ, ಬೆಳೆದ ಮಕ್ಕಳ ಮನೆಯಲ್ಲಿ ತಂದೆತಾಯಿಗಳ ಸ್ಥಾನವೇನೆಂಬ ಪ್ರಶ್ನೆಯೂ ಅದರೊಳಗಿದೆ.

ಹೋಗುವುದೇ ಸರಿಯೇ ಎಂಬ ಶಂಕೆ ಇನ್ನೂ ಕೆಲವರಲ್ಲಿದೆ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯಗಳಲ್ಲಿ ಎಣಿಸಿದೆ. 2008ರ ಜನವರಿಯಲ್ಲಿ ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥ ಶ್ರೀಪಾದಂಗಳವರ ಪರ್ಯಾಯ ಬಂದಾಗ, ಅವರು ವಿದೇಶಯಾತ್ರೆ ಮಾಡಿದ್ದರೆಂಬ ಕಾರಣದಿಂದ ಶ್ರೀಕೃಷ್ಣಮೂರ್ತಿಯನ್ನು ಸ್ಪರ್ಶಿಸಿ ಪೂಜಿಸುವ ವಿಷಯದಲ್ಲಿ ಇತರ ಮಠಗಳಿಂದ ಆಕ್ಷೇಪ ಬಂದಿತ್ತು. 2024ರ ಜನವರಿಯಲ್ಲಿ ಅವರೇ ನಾಲ್ಕನೆಯ ಬಾರಿ ಸರ್ವಜ್ಞ ಪೀಠವನ್ನೇರಿದರು. ಯತಿಧರ್ಮದ ನಿರ್ಣಯ ನಮ್ಮ ಅಧಿಕಾರಕ್ಕೆ ಮೀರಿದ್ದು. ಗೃಹಸ್ಥರ ಮಾತು ಬೇರೆ. ಮಗಳ ಬಾಣಂತನಕ್ಕೆ ಹೊರಟ ತಾಯಿಯನ್ನು ಬೌಧಾಯನರ ಹೆಸರು ಹೇಳಿ ತಡೆಯುವ ಧೈರ್ಯ ನಮಗಿಲ್ಲ. ಶಾಸ್ತ್ರವನ್ನು ಮುಂದಿಟ್ಟು ಹೋಗದೆ ಉಳಿದವರಲ್ಲಿ, ಮಗ ಊರು ಬಿಟ್ಟನೆಂಬ ಸಿಟ್ಟನ್ನು ನಾವು ಒಮ್ಮೊಮ್ಮೆ ಕಂಡದ್ದುಂಟು.

ಇನ್ನು ತಿಥಿಯ ವಿಚಾರ. ತಿಥಿಯು ಸೂರ್ಯಚಂದ್ರರ ಅಂತರದಿಂದ ಆಗತಕ್ಕದ್ದು. ಅದರ ಆದಿ ಅಂತ್ಯಗಳು ಲೋಕಕ್ಕೆಲ್ಲ ಒಂದೇ ಕ್ಷಣ. ಸೂರ್ಯೋದಯವಾದರೋ ಊರಿಗೊಂದು. ಬೆಳಗಾವಿಯಲ್ಲಿ ಏಕಾದಶಿಯು ಸೋಮವಾರ ಬೆಳಗಿನ 8 ಘಂಟೆಗೆ ತೊಡಗಿ ಮಂಗಳವಾರ 8ಕ್ಕೆ ಮುಗಿಯುವುದೆಂದು ಭಾವಿಸೋಣ. ಸೋಮವಾರದ ಅರುಣೋದಯದಲ್ಲಿ ದಶಮಿ ಇರುವುದರಿಂದ ನಮಗೆ ಉಪವಾಸ ಮಂಗಳವಾರ. ನ್ಯೂ ಜೆರ್ಸಿಯ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಘಂಟೆ ಹಿಂದೆ. ಅಲ್ಲಿ ಅದೇ ಏಕಾದಶಿ ರವಿವಾರ ರಾತ್ರಿ ಹತ್ತೂವರೆಗೆ ಬಂದು ಸೋಮವಾರ ರಾತ್ರಿ ಹತ್ತೂವರೆಗೆ ಹೋಗುತ್ತದೆ. ಉಪವಾಸ ಸೋಮವಾರವೇ.

ಖಾನಾಪುರದ ಹಿರಿಯರೊಬ್ಬರು, ನಿತ್ಯ ಮಲಪ್ರಭೆಯಲ್ಲಿ ಮಿಂದು ಬಂದ ಆಚಾರವಂತರು, ಊರಿನ ಪಂಚಾಂಗವನ್ನೇ ಕೊಂಡೊಯ್ದಿದ್ದರು. ಇಂಥದೇ ಏಕಾದಶಿ ಬಂದಿತು. ಸೋಮವಾರ ಉಪವಾಸವಿದ್ದ ಸೊಸೆ ಮಾವನವರಿಗೆ ಅನ್ನ ಮಾಡಿ ಬಡಿಸಿದರು. ಮಂಗಳವಾರ ಬೆಳಗಿನ ಜಾವ ತಮ್ಮ ಪಾರಣೆಗೂ, ಬುಧವಾರ ಮಾವನವರ ಪಾರಣೆಗೂ ಅಡಿಗೆ ಮಾಡಿಟ್ಟು ಆಫೀಸಿಗೆ ಹೋದರು. ನಿಷ್ಠೆಯಿಂದಲೇ ಹಿರಿಯರು ಹರಿವಾಸರದಲ್ಲಿ ಊಟ ಮಾಡಿದಂತಾಯಿತು.

ಸಂಕಲ್ಪದಲ್ಲಿ ನಾವು ಮೊದಲು ಹೇಳುವುದು ದೇಶಕಾಲಗಳನ್ನು. ಗೋದಾವರಿಯ ದಕ್ಷಿಣತೀರವೆಂದು ಅಲ್ಲಿ ನಿಂತು ಹೇಳಲಾಗದು. ಬಾಯಿ ಒಪ್ಪಿದ ದೇಶವನ್ನು ಮನಸ್ಸು ಒಪ್ಪಬೇಡವೇ? ಆ ಮನೆಯಲ್ಲಿ ದೇವರ ದೀಪ ಹಚ್ಚುವವನು ಮಗ, ಗೃಹಸ್ಥನು ಅವನೇ. ತಿಳಕವಾಡಿಯ ಮನೆಯಲ್ಲಿ ನಡೆದ ಅಪ್ಪಣೆ ಅಲ್ಲಿಯೂ ನಡೆಯಬೇಕೆಂಬುದು ಮಮಕಾರ. ಸ್ವತಂತ್ರನು ಶ್ರೀಹರಿಯೊಬ್ಬನೇ ಎಂದು ಸಾರುವ ಸಿದ್ಧಾಂತದವರು ನಾವು. ಮಗನೆಂಬ ಜೀವನ ಅಂತರ್ಯಾಮಿಯೂ ಅವನೇ ಎಂಬುದು ವಿಮಾನದಿಂದಿಳಿದೊಡನೆ ನಮಗೆ ಮರೆತುಹೋಗುತ್ತದೆ.

ಮಗನು ಏಕಾದಶಿಯನ್ನೇ ಬಿಟ್ಟಿದ್ದರೆ? ಇದು ಕಠಿಣ ಪ್ರಶ್ನೆ. ಮಾತಿನಿಂದ ತಿದ್ದಲು ಹೋದವರು ಆರು ತಿಂಗಳ ವಾಸವನ್ನು ಎರಡು ತಿಂಗಳಿಗೆ ಮುಗಿಸಿ ಬಂದದ್ದನ್ನು ಬಲ್ಲೆವು. ತಾವು ಮಾಡುವುದನ್ನು ಆ ಊರಿನ ಸೂರ್ಯೋದಯಕ್ಕೆ ಸರಿಯಾಗಿ ಮಾಡುವುದು, ಕೇಳಿದಾಗ ಹೇಳುವುದು: ಇದಕ್ಕಿಂತ ಹೆಚ್ಚಿನ ಉಪಾಯ ನಮಗೆ ಕಾಣದು. ಬೆಳಗಾವಿಯ ತಾಯಿಯೊಬ್ಬರು ಏನೂ ಹೇಳದೆ ಎರಡು ಏಕಾದಶಿ ಕಳೆದರು. ಮೂರನೆಯದರ ರಾತ್ರಿ ಮಗನೇ ಬಂದು "ನಾಳೆ ಪಾರಣಿ ಎಷ್ಟ ಗಂಟೆಗೆ?" ಎಂದನಂತೆ. ಆತ ಉಪವಾಸವಿರಲಿಲ್ಲ. ಆದರೂ ಬೆಳಗಿನ ಜಾವ ಎದ್ದು, ಸ್ನಾನ ಮಾಡಿ, ತಾಯಿಯೊಡನೆ ಕುಳಿತು ಉಂಡನು.