ನೆತ್ತಿಯ ಮೇಲಿನ ಗೆರೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಕೊಲ್ಹಾಪುರದ ಉಜಳಾಯವಾಡಿ ನಿಲ್ದಾಣಕ್ಕೆ ನಕಾಶೆಯ ಮೇಲೆ ನೇರ ಗೆರೆ ಎಳೆದು ನೋಡಿ. ಸಂಕೇಶ್ವರದ ಬಗಲಿಗೆ ಹಾಯ್ದು, ಹೆಚ್ಚುಕಡಿಮೆ ನಿಪ್ಪಾಣಿಯ ನೆತ್ತಿಯ ಮೇಲೇ ಹೋಗುತ್ತದೆ. ಉದ್ದ ಸುಮಾರು 95 ಕಿ.ಮೀ. ಪುಣೆ ಹೆದ್ದಾರಿಯೂ ಆ ಗೆರೆಯ ಆಚೀಚೆಯೇ ಓಡುತ್ತದೆ. ತವಂದಿ ಘಾಟು ಇಳಿದು, ಯಮಗರ್ಣಿ ಹತ್ತಿರ ವೇದಗಂಗೆ ದಾಟಿ, ಕಾಗಲ್ ಹಿಡಿದು ಮುಟ್ಟಲು ಎರಡು ತಾಸು ಬೇಕು. ತಾಸಿಗೆ 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ ಲೆಕ್ಕದಲ್ಲಿ ಹನ್ನೆರಡೇ ನಿಮಿಷ.

ಆದರೆ ಗಾಳಿ ಬೇರೆ ಲೆಕ್ಕ ಕೇಳುತ್ತದೆ. ಕೊಲ್ಹಾಪುರದ ನಿಲ್ದಾಣ 1939ರದು, ಛತ್ರಪತಿ ರಾಜಾರಾಮ ಮಹಾರಾಜರ ಕಾಲದ್ದು. ಸಾಂಬ್ರಾ 1942ರದು, ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಎರಡರ ರನ್‌ವೇಗಳೂ ಪೂರ್ವ-ಪಶ್ಚಿಮಕ್ಕೆ ಮೈಚಾಚಿವೆ. ಹೋಗಬೇಕಾದ ಊರೋ ಉತ್ತರಕ್ಕೆ. ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದೆಯೊಡ್ಡಬೇಕು, ಆಮೇಲೆ ಹೊರಳಬೇಕು. ಹನ್ನೆರಡು ನಿಮಿಷ ದುಪ್ಪಟ್ಟಾಗುವುದು ಇಲ್ಲೇ. ಇಷ್ಟು ಬಲದ ಯಂತ್ರವೂ ಗಾಳಿಯ ಮಾತು ಕೇಳುತ್ತದಲ್ಲ ಎನ್ನುವುದು ನನಗೆ ಅದರ ವೇಗಕ್ಕಿಂತ ದೊಡ್ಡ ಬೆರಗು.

ನೇರ ಗೆರೆಯಲ್ಲಿ ಅಳೆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕಿಗೆ ಕೊಲ್ಹಾಪುರದ ನಿಲ್ದಾಣವೇ ಹತ್ತಿರ. ಬೆಂಗಳೂರಿನಿಂದ ಅಲ್ಲಿಗೆ ಎಳೆದ ನೇರ ಗೆರೆ, ಸುಮಾರು 530 ಕಿ.ಮೀ., ಗೋಕಾಕದ ಮಗ್ಗುಲಿಂದ ಬಂದು ಚಿಕ್ಕೋಡಿಯ ಹತ್ತಿರ ಹಾಯುತ್ತದೆ.

ಚಿಕ್ಕೋಡಿ ಹತ್ತಿರದ ಒಂದು ಹೊಲದಲ್ಲಿ ಕಬ್ಬಿನ ರವದಿ ಸುಲಿಯುತ್ತಿದ್ದ ಹಿರಿಯರೊಬ್ಬರು ವಿಮಾನದ ಸದ್ದಿಗೆ ಕೈ ತಡೆದು ಮೇಲೆ ನೋಡಿದರು. ಮೊಣಕೈತನಕ ಗರಿ ಕೊಯ್ದ ಗೀರುಗಳು.

"ತಮ್ಮಾ, ಅದರಾಗ ಕುಂತವರಿಗೆ ನನ್ನ ಎಕರೆ ಕಾಣಸ್ತೈತೇನೋ?"

"ಕಾಣಸ್ತೈತಿ ಕಾಕಾ. ಆದ್ರ ಕಣ್ಣ ಪಿಳಕಿಸೂದ್ರಾಗ ಹ್ವಾದೀತು."

ಆ ಮಾತನ್ನು ಆಮೇಲೆ ಲೆಕ್ಕ ಹಾಕಿದೆ. ಚೌಕಾಗಿದ್ದರೆ ಒಂದು ಎಕರೆಯ ಬದಿ ಸುಮಾರು 64 ಮೀಟರು. ತಾಸಿಗೆ 450 ಕಿ.ಮೀ. ವೇಗದಲ್ಲಿ ವಿಮಾನ ಸೆಕೆಂಡಿಗೆ 125 ಮೀಟರು ದಾಟುತ್ತದೆ. ಕಾಕಾನ ಎಕರೆಗೆ ಅರ್ಧ ಸೆಕೆಂಡು! ಅದೇ ಎಕರೆಯಲ್ಲಿ ಅಡಸಾಲಿ ಕಬ್ಬು ಹದಿನಾರು, ಹದಿನೆಂಟು ತಿಂಗಳು ನಿಲ್ಲುತ್ತದೆ. ನಾಟಿ, ನೀರು, ಗೊಬ್ಬರ, ಕಟಾವಿನ ಸರದಿಗೆ ಕಾಯುವುದು, ಎಲ್ಲ ಆ ಅರ್ಧ ಸೆಕೆಂಡಿನ ಕೆಳಗೆ. ಕೂತು ಯೋಚಿಸಿದರೆ ತಲೆ ಗಿರ್ರೆನ್ನುತ್ತದೆ.

ಕಾಕಾ ನಿಂತಲ್ಲಿ ಅಡ್ಡ ಏನೂ ಇಲ್ಲದಿದ್ದರೂ ಕಣ್ಣು ನಿಲುಕುವುದು ಐದು ಕಿ.ಮೀ. ಒಳಗೆ; ಭೂಮಿ ಬಾಗಿಬಿಡುತ್ತದೆ. 8,000 ಅಡಿ ಮೇಲಿದ್ದವರಿಗೆ ಅದೇ ದಿಗಂತ 170 ಕಿ.ಮೀ. ಆಚೆ ಸರಿಯುತ್ತದೆ. ಮೋಡ, ಮಂಜು ಇಲ್ಲದ ದಿನ ಐದೂ ತಾಲ್ಲೂಕು, ಎರಡೂ ವಿಮಾನ ನಿಲ್ದಾಣ, ದೂಧಗಂಗೆಯನ್ನು ಸೇರಿಸಿಕೊಳ್ಳುವ ಕೃಷ್ಣೆ ಒಂದೇ ದಿಗಂತದೊಳಗೆ. ಅಥಣಿಯಿಂದ ನಿಪ್ಪಾಣಿಗೆ ಬಸ್ಸು ಬದಲಿಸುತ್ತ ಹೋಗುವವರಿಗೆ ಇದನ್ನು ನಂಬಿಸುವುದು ಕಷ್ಟ. ಬೆಂಗಳೂರಿನಿಂದ ಕೊಲ್ಹಾಪುರಕ್ಕೆ ಬರುವಾಗ ಸೀಟು ಬೆಲ್ಟು ಬಿಗಿದುಕೊಳ್ಳಿ ಎನ್ನುವ ಪೈಲಟ್ ಆ ಹೊತ್ತಿಗೆ ಇನ್ನೂ ಒಂದು ಮಾತು ಕನ್ನಡದಲ್ಲಿ ಹೇಳಲಿ ಎಂದು ನನಗೆ ಬಹಳ ಆಸೆ: ಎಡಕ್ಕೆ ನಿಪ್ಪಾಣಿ, ಬಲಕ್ಕೆ ಕೃಷ್ಣೆ, ಅದರಾಚೆ ಅಥಣಿ, ಇಳಿಯಲು ಕೆಲವೇ ನಿಮಿಷ ಇದೆ, ನೋಡುವವರು ಈಗಲೇ ನೋಡಿರಿ.