ದಾರದಲ್ಲಿರುವ ಹರಳು ಯಾರದು?

ಸುಳ್ಳು ಹೇಳಬಾರದೆಂದು ನಾವೆಲ್ಲರೂ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಮಗುವಿನ ಒಳಿತಿಗೆಂದೇ ನಾವು ಆಡುವ ಒಂದು ಸಣ್ಣ ಸುಳ್ಳಿದೆ. ಅದಕ್ಕೆ ಸುಳ್ಳೆಂಬ ಹೆಸರನ್ನು ನಾವು ಕೊಡುವುದಿಲ್ಲ, ‘ಸಹಾಯ’ ಎನ್ನುತ್ತೇವೆ. ಶಾಲೆಯಲ್ಲಿ ವಿಜ್ಞಾನ ಪ್ರಯೋಗ ತರಲು ಹೇಳಿದಾಗ ಅದು ನಮ್ಮ ಅಡುಗೆಮನೆಯಲ್ಲೇ ನಡೆದುಹೋಗುತ್ತದೆ.

ಹರಳು ಬೆಳೆಸುವ ಪ್ರಯೋಗವನ್ನೇ ನೋಡಿ. ಬೇಕಾಗುವುದು ನೀರು, ಸಕ್ಕರೆ, ಗಾಜಿನ ಲೋಟ, ಒಂದು ಪೆನ್ಸಿಲು, ಗೇಣುದ್ದ ಹತ್ತಿಯ ದಾರ. ಬಿಸಿ ನೀರಿಗೆ ಸಕ್ಕರೆಯನ್ನು ಇನ್ನು ಕರಗದು ಎನ್ನುವವರೆಗೂ ಹಾಕಿ ಕಲಕಬೇಕು. ದಾರದ ತುದಿಗೆ ನಾಲ್ಕು ಕಾಳು ಸಕ್ಕರೆ ಅಂಟಿಸಿ ಒಣಗಿಸಿ, ಪೆನ್ಸಿಲಿಗೆ ಕಟ್ಟಿ, ಪಾಕ ಆರಿದ ಮೇಲೆ ಲೋಟದೊಳಗೆ ಇಳಿಬಿಡಬೇಕು. ಆಮೇಲೆ ಒಂದು ವಾರ ಮುಟ್ಟದೆ ಕಾಯಬೇಕು. ಮಕ್ಕಳಿಗೆ ಇದೇ ಬಹಳ ಕಷ್ಟ!

20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ಬಿಸಿಯಲ್ಲಿ ಅದು 480 ಗ್ರಾಂ ದಾಟುತ್ತದೆ. ನೀರು ಆರಿದಾಗ ಹೆಚ್ಚಾದ ಸಕ್ಕರೆ ಹೊರಬಂದು ದಾರದ ಮೇಲಿನ ಕಾಳುಗಳನ್ನು ಹಿಡಿದು ಪದರ ಪದರವಾಗಿ ಬೆಳೆಯುತ್ತದೆ. ನಿಧಾನವಾಗಿ ಆರಿದರೆ ದೊಡ್ಡ ಹರಳು, ಬೇಗ ಆರಿದರೆ ಅಥವಾ ಅಲುಗಾಡಿಸಿದರೆ ಬರೀ ಪುಡಿ. ಸಕ್ಕರೆ ಕಡಿಮೆಯಾದರೆ ದಾರದಲ್ಲಿದ್ದ ಕಾಳೂ ಕರಗಿಹೋಗುತ್ತದೆ. ಉಪ್ಪಿನ ಕಥೆಯೇ ಬೇರೆ. 20 ಡಿಗ್ರಿಯಲ್ಲಿ 36 ಗ್ರಾಂ ಕರಗಿದರೆ, ಕುದಿಯುವಾಗ ಕರಗುವುದು ಬರೀ 39 ಗ್ರಾಂ. ಆದ್ದರಿಂದ ಉಪ್ಪುನೀರನ್ನು ಆರಿಸಿ ಪ್ರಯೋಜನವಿಲ್ಲ, ನೀರೇ ಆವಿಯಾಗಬೇಕು. ಮಳೆಗಾಲದ ತೇವದಲ್ಲಿ ಅದಕ್ಕೆ ಎಷ್ಟು ದಿನ ಬೇಕೆಂದು ನೀವೇ ಊಹಿಸಿ.

ಹೀಗಾಗಿ ಎಷ್ಟೋ ಮನೆಗಳಲ್ಲಿ ವಾರ ಕಳೆದರೂ ದಾರ ಬೋಳಾಗಿಯೇ ಇರುತ್ತದೆ. ಮರುದಿನ ಶಾಲೆಗೆ ಒಯ್ಯಬೇಕು, ಮಗುವಿನ ಕಣ್ಣಲ್ಲಿ ನೀರು. ಅಂಗಡಿಯಲ್ಲಿ ದಾರದ ಸುತ್ತ ಬೆಳೆದ ಕಲ್ಲುಸಕ್ಕರೆಯೇ ಮಾರಾಟಕ್ಕಿದೆ. ಒಂದು ತುಂಡು ತಂದು ಲೋಟದಲ್ಲಿ ಇಳಿಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯದು. ಆಗ ನೀವೇನು ಮಾಡುವಿರಿ?

“ಇದರಲ್ಲಿ ಯಾರಿಗೆ ನಷ್ಟ? ಎಲ್ಲರೂ ಹೀಗೇ ಮಾಡುತ್ತಾರೆ” ಎನ್ನಬಹುದು. ಆದರೆ ಅದೇ ತರಗತಿಯಲ್ಲಿ ತಾನೇ ಬೆಳೆಸಿದ ಸಾಸಿವೆಯಷ್ಟು ಹರಳನ್ನು ತಂದ ಇನ್ನೊಂದು ಮಗು ಇದೆ. ಕೊಂಡು ತಂದ ಹರಳಿನ ಪಕ್ಕದಲ್ಲಿ ಅದು ತಲೆ ತಗ್ಗಿಸಿ ನಿಲ್ಲುತ್ತದೆ. ನಮ್ಮ ಮಗುವಿಗೂ ನಷ್ಟವಿದೆ. ‘ನಾನು ಮಾಡಿದ್ದು ಅಪ್ಪ ಅಮ್ಮನಿಗೇ ನಾಚಿಕೆ ತರುವಂಥದ್ದು, ಕಂಡದ್ದನ್ನು ಹೇಳುವುದಕ್ಕಿಂತ ಮೆಚ್ಚುಗೆಯಾಗುವುದನ್ನು ತೋರಿಸುವುದು ಮುಖ್ಯ’ ಎಂಬ ಪಾಠ ಅದರ ಮನಸ್ಸಿಗೆ ಇಳಿಯುತ್ತದೆ. ಈ ಪಾಠವನ್ನು ಮುಂದೆ ಪರೀಕ್ಷೆಯ ಕೋಣೆಯಲ್ಲಿ, ಕಚೇರಿಯ ಲೆಕ್ಕದಲ್ಲಿ ಅದು ಪ್ರಯೋಗಿಸಿದರೆ ಯಾರನ್ನು ದೂರೋಣ?

ಹಾಗಾದರೆ ಸಹಾಯವೇ ಮಾಡಬಾರದೇ? ಖಂಡಿತ ಮಾಡಬೇಕು. ಕುದಿಯುವ ಪಾಕ ಮಗುವಿನ ಕೈ ಸುಡಬಹುದು, ಅದನ್ನು ಬಗ್ಗಿಸುವುದು ದೊಡ್ಡವರ ಕೆಲಸ. ಲೋಟವನ್ನು ಇರುವೆ ಹತ್ತದ, ಯಾರೂ ಅಲುಗಿಸದ ಜಾಗದಲ್ಲಿಡುವುದೂ ಸಹಾಯವೇ. ಮಗುವಿನ ಕೆಲಸಕ್ಕೆ ದಾರಿ ಮಾಡಿಕೊಟ್ಟರೆ ಅದು ಸಹಾಯ. ಅದರ ಕೆಲಸವನ್ನು ತೆಗೆದಿಟ್ಟು ಬೇರೊಂದನ್ನು ಅದರ ಹೆಸರಿನಲ್ಲಿ ಇಟ್ಟರೆ ಅದು ಮೋಸ. ಗೆರೆ ಇಷ್ಟು ಸ್ಪಷ್ಟವಾಗಿದೆ.

ಹರಳುಗಳ ವಿಜ್ಞಾನಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರು ನಿಕೊಲಸ್ ಸ್ಟೆನೊ. 1638ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದ ಅವರು 1667ರಲ್ಲಿ ಕಥೋಲಿಕರಾದರು, ಹತ್ತು ವರ್ಷಗಳ ನಂತರ ಧರ್ಮಾಧ್ಯಕ್ಷರಾದರು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಅವರನ್ನು ಪುನೀತರೆಂದು ಘೋಷಿಸಿದರು. 1669ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸ್ಟೆನೊ ಬೆಣಚುಕಲ್ಲಿನ ಹರಳುಗಳ ಬಗ್ಗೆ ಒಂದು ಮಾತು ಗುರುತಿಸಿದರು: ಹರಳು ದೊಡ್ಡದಿರಲಿ ಚಿಕ್ಕದಿರಲಿ, ಅದರ ಮುಖಗಳು ಅಗಲವಿರಲಿ ಕಿರಿದಿರಲಿ, ಮುಖಗಳ ನಡುವಿನ ಕೋನಗಳು ಬದಲಾಗುವುದಿಲ್ಲ. ಅಂದರೆ ಸಾಸಿವೆಯಷ್ಟು ಹರಳಿನಲ್ಲೂ ದೊಡ್ಡ ಹರಳಿನ ನಿಯಮವೇ ಪೂರ್ತಿಯಾಗಿ ಇದೆ. ಮಕ್ಕಳ ಪ್ರಾಮಾಣಿಕತೆಯೂ ಹಾಗೆಯೇ. ಅದು ಒಂದು ಲೋಟದ ವಿಷಯದಲ್ಲಿ ಇದ್ದರೂ ಪೂರ್ಣವಾದದ್ದೇ.

ಆದ್ದರಿಂದ ದಾರ ಬೋಳಾಗಿದ್ದರೆ ಆ ರಾತ್ರಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಎಷ್ಟು ಸಕ್ಕರೆ ಹಾಕಿದೆ, ಎಷ್ಟು ಸಲ ಎತ್ತಿ ನೋಡಿದೆ ಎಂದು ಕೇಳಿ. ಕಂಡದ್ದನ್ನು ದಿನವಾರು ಬರೆಯಿಸಿ, ಕಾರಣ ಏನಿರಬಹುದೆಂದು ಅದರ ಮಾತಿನಲ್ಲೇ ಬರೆಯಲು ಬಿಡಿ. ಆ ಲೋಟವನ್ನೇ ಕೊಟ್ಟು ಕಳುಹಿಸಿ. ಅಂಕ ಒಂದೆರಡು ಕಡಿಮೆಯಾಗಬಹುದು, ಆಗಲಿ. ಶಿಕ್ಷಕ ಬಂಧುಗಳಲ್ಲೂ ಒಂದು ಬಿನ್ನಹ: ಹರಳಿನ ಗಾತ್ರ ನೋಡುವ ಮೊದಲು “ಏನಾಯಿತು, ಹೇಳು” ಎಂದು ಕೇಳಿ. ತಾನೇ ಮಾಡಿದ ಮಗುವಿಗೆ ಹೇಳಲು ಬಹಳವಿರುತ್ತದೆ.

ಪಾಕವನ್ನು ಮತ್ತೆ ಬಿಸಿ ಮಾಡಿ ಇನ್ನಷ್ಟು ಸಕ್ಕರೆ ಕರಗಿಸಿದರೆ ಹೊಸ ದಾರವನ್ನು ಇಳಿಬಿಡಬಹುದು. ಮಗುವಿನ ನಂಬಿಕೆ ಒಮ್ಮೆ ಕರಗಿದರೆ ಅದನ್ನು ಮತ್ತೆ ಹರಳುಗಟ್ಟಿಸುವುದು ಅಷ್ಟು ಸುಲಭವಲ್ಲ.